ಉದ್ದ ಪಪ್ಪಾಯಿಯ ಬೀಜ ಹಾಕಿದ್ದೆ, ಅರ್ಧ ಗಿಡ ಗಂಡು! ಕಾರಣ ಏನು?

ಹಿತ್ತಲಗಿಡ:
ನೆಂಟರ ತೋಟದ ಒಂದೇ ಪಪ್ಪಾಯಿ ಹಣ್ಣಿನ ಬೀಜದಿಂದ ಆರು ಗಿಡ ಬೆಳೆಸಿದ್ದೇನೆ. ಹಣ್ಣು ಉದ್ದಕ್ಕಿತ್ತು, ಸಕತ್ ಸಿಹಿ. ಈಗ ಮೂರು ಗಿಡಗಳಲ್ಲಿ ಉದ್ದ ತೊಟ್ಟಿನ ತುಂಬಾ ಗೊಂಚಲು ಹೂ ಇಳಿಬಿದ್ದಿದೆ, ಒಂದೂ ಕಾಯಿ ಕಚ್ಚಿಲ್ಲ. ಒಂದರಲ್ಲಿ ಗುಂಡು ಕಾಯಿ. ಇನ್ನೆರಡರಲ್ಲಿ ಮಾತ್ರ ಉದ್ದ ಕಾಯಿ. ಎಲ್ಲಕ್ಕೂ ಒಂದೇ ಗೊಬ್ಬರ, ಒಂದೇ ಬಿಸಿಲು. ಗಂಡು ಗಿಡಕ್ಕೆ ಮೊಳೆ ಹೊಡೆದರೆ ಕಾಯಿ ಬಿಡುತ್ತದೆ ಎನ್ನುತ್ತಾರೆ. ಹೊಡೆಯಲಾ?

ಕೆಂಪುಮಣ್ಣು:
ದಯವಿಟ್ಟು ಬೇಡ. ಗಂಡೋ ಹೆಣ್ಣೋ ಎನ್ನುವುದು ಬೀಜದಲ್ಲೇ ತೀರ್ಮಾನವಾಗಿರುತ್ತದೆ. ಮೊಳೆ ಹೊಡೆದರೆ ಸುಮ್ನೆ ಕಾಂಡಕ್ಕೆ ಗಾಯ, ಅಲ್ಲಿಂದ ಕೊಳೆ.

ಪಪ್ಪಾಯಿಯಲ್ಲಿ ಮೂರು ಥರದ ಗಿಡ ಇರುತ್ತವೆ. ಹೆಣ್ಣಿನಲ್ಲಿ ಎರಡು ಎಕ್ಸ್ ಕ್ರೋಮೋಸೋಮ್. ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ದ್ವಿಲಿಂಗಿಯಲ್ಲಿ, ಅಂದರೆ ಒಂದೇ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಭಾಗ ಇರುವ ಗಿಡದಲ್ಲಿ, ಒಂದು ಎಕ್ಸ್, ಜೊತೆಗೆ ಸ್ವಲ್ಪ ಬೇರೆ ಥರದ ವೈ. ಗುಂಡು ಹಣ್ಣು ಹೆಣ್ಣು ಗಿಡದ್ದು, ಉದ್ದ ಹಣ್ಣು ದ್ವಿಲಿಂಗಿಯದು. ಅಂದರೆ ನಿಮ್ಮ ಹಣ್ಣಿನ ತಾಯಿ ದ್ವಿಲಿಂಗಿ. ಅದು ತನ್ನದೇ ಪರಾಗದಿಂದ ಕಾಯಿ ಕಟ್ಟಿದ್ದರೆ ಮೂರರಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು ಬರಬೇಕಿತ್ತು. ಎರಡೂ ಕಡೆಯಿಂದ ವೈ ಸೇರಿದ ಭ್ರೂಣ ಬದುಕುವುದೇ ಇಲ್ಲ, ಹಾಗಾಗಿ ಈ ಲೆಕ್ಕ. ಅದರಲ್ಲಿ ಗಂಡು ಹುಟ್ಟುವುದಿಲ್ಲ. ನಿಮ್ಮಲ್ಲಿ ಹುಟ್ಟಿದೆ ಅಂದ ಮೇಲೆ ಆ ತೋಟದ ಹತ್ತಿರ ಎಲ್ಲೋ ಗಂಡು ಗಿಡ ಇತ್ತು, ಅದರ ಪರಾಗ ಬಂದು ಸೇರಿದೆ. ಆಗ ಮೂರೂ ಥರ ಸಮಪಾಲಾಗಿ ಬರಬೇಕು. ಆರೇ ಗಿಡ ಅಲ್ವಾ, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಹಿತ್ತಲಗಿಡ:
ಈಗ ಅರ್ಥವಾಯಿತು. ಆದರೆ ಉದ್ದ ಕಾಯಿಯ ಒಂದು ಗಿಡ ಈ ಬಿಸಿಲು ಜಾಸ್ತಿಯಾದಾಗಿನಿಂದ ಬರೀ ಹೂ ಉದುರಿಸುತ್ತಿದೆ. ಅದೂ ಗಂಡಾಗಿಬಿಟ್ಟಿತಾ?

ಕೆಂಪುಮಣ್ಣು:
ಇಲ್ಲ. ಒಂದು ಹೂವಿನ ಎಸಳು ಬಿಡಿಸಿ ನೋಡಿ. ಹಳದಿ ಪರಾಗಕೋಶಗಳ ನಡುವೆ ಎಳೆಗಾಯಿ ಇರಬೇಕಾದ ಜಾಗದಲ್ಲಿ ಸಣ್ಣ ಕಡ್ಡಿಯಂಥದ್ದು ಮಾತ್ರ ಕಾಣುತ್ತದೆ. ಸೆಕೆಗೆ, ನೀರಿನ ಕೊರತೆಗೆ ದ್ವಿಲಿಂಗಿ ಹೂ ಹೀಗೆ ಗಂಡಿನಂತೆ ವರ್ತಿಸುತ್ತದೆ. ಕ್ರೋಮೋಸೋಮ್ ಬದಲಾಗಿಲ್ಲ, ಬೀಜಕ್ಕೆ ಹೋಗುವುದೂ ಹಳೆಯದೇ. ತಂಪಾದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ. ಬುಡಕ್ಕೆ ದಪ್ಪಗೆ ತರಗೆಲೆ ಹಾಕಿ, ನೀರು ತಪ್ಪಿಸಬೇಡಿ. ಹೆಣ್ಣು ಗಿಡ ಬಿಸಿಲಿಗೆ ಇಷ್ಟು ಬೇಗ ಅಲುಗಾಡುವುದಿಲ್ಲ. ಅದಕ್ಕೇ ಗುಂಡು ಕಾಯಿಯ ಗಿಡ ಕೀಳಬೇಡಿ.

ತೋಟದಮನೆ:
ಗಂಡು ಮೂರನ್ನೂ ತೆಗೆಯಬಹುದು. ಹೆಣ್ಣಿಗೆ ಬೇಕಾದ ಪರಾಗ ದ್ವಿಲಿಂಗಿಯಿಂದಲೇ ಸಿಗುತ್ತದೆ. ಮುಂದಿನ ಸಲಕ್ಕೆ ಬೀಜ ಕೊಳ್ಳುವುದಾದರೆ ಕೊಡಗಿನ ಚೆಟ್ಟಳ್ಳಿಯ ಕೂರ್ಗ್ ಹನಿ ಡ್ಯೂ ಅಥವಾ ಹೆಸರಘಟ್ಟದ ಸೂರ್ಯ ಕೇಳಿ. ಈ ತಳಿಗಳಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ.

ಹಿತ್ತಲಗಿಡ:
ನನಗೆ ಇದೇ ಸಿಹಿ ಬೇಕಲ್ಲ! ಬೀಜ ನಾನೇ ಮಾಡಿಕೊಳ್ಳಲು ಆಗುತ್ತದಾ?

ಕೆಂಪುಮಣ್ಣು:
ಆಗುತ್ತದೆ. ಚೆನ್ನಾಗಿ ಕಾಯಿ ಕಚ್ಚುತ್ತಿರುವ ದ್ವಿಲಿಂಗಿ ಗಿಡದಲ್ಲಿ ನಾಳೆ ಅರಳುವಂತಿರುವ ಮೊಗ್ಗಿಗೆ ಇವತ್ತೇ ಕಾಗದದ ಕವರ್ ಕಟ್ಟಿ. ಒಳಗೇ ಪರಾಗ ಇದೆ, ತಾನಾಗಿ ಕಚ್ಚುತ್ತದೆ. ಕಾಯಿ ಬೆರಳುದ್ದ ಆದ ಮೇಲೆ ಕವರ್ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಗಂಡಂತೂ ಬರುವುದಿಲ್ಲ. ರುಚಿ ಮಾತ್ರ ಗಿಡದಿಂದ ಗಿಡಕ್ಕೆ ಬೇರೆಯಾಗಬಹುದು, ಏಕೆಂದರೆ ಈಗಿನ ಗಿಡಗಳೇ ಬೆರಕೆ. ಜಾಸ್ತಿ ಸಸಿ ಬೆಳೆಸಿ, ಹಣ್ಣು ತಿಂದು ನೋಡಿ, ಹಿಡಿಸಿದ ಗಿಡದ ಮೊಗ್ಗಿಗೆ ಮತ್ತೆ ಕವರ್ ಕಟ್ಟಿ.