ನವೆಂಬರ್ 21 ಕೊನೆಯ ಸಂಬಳದ ದಿನ, ಡಿಸೆಂಬರ್ 26 ಅಪ್ಪನ ಭೀಮರಥ ಶಾಂತಿ. ಊರಿಗೆ ಹೋಗಬಹುದಾ?

ತಿಪಟೂರಿನವ (ಪ್ಲೇನೋ, ಟೆಕ್ಸಾಸ್), 2025 ನವೆಂಬರ್ 23

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಈ ತಿಂಗಳು 10ನೇ ತಾರೀಖು, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಹದಿನೈದು ನಿಮಿಷದ ಮೀಟಿಂಗ್ ಅಂತ ಕ್ಯಾಲೆಂಡರಿನಲ್ಲಿ ಬಂತು. ಮ್ಯಾನೇಜರ್ ಜೊತೆ ಎಚ್‌ಆರ್‌ನವರೂ ಇದ್ದರು. ಅವರನ್ನು ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಟೀಮಿನ ಹನ್ನೊಂದು ಜನರಲ್ಲಿ ಆರು ಜನರನ್ನು ತೆಗೆದರು. ಹತ್ತು ಗಂಟೆಗೆ ಲ್ಯಾಪ್‌ಟಾಪ್ ಲಾಕ್ ಆಯಿತು. ಸಂಬಳ 21ರವರೆಗೆ, ಆಮೇಲೆ ಎಂಟು ವಾರದ ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆದಿದ್ದಕ್ಕೆ ಕೊಡುವ ಪರಿಹಾರದ ಹಣ.

2016ರಿಂದ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ಗ್ರೀನ್ ಕಾರ್ಡಿಗಾಗಿ ಇಬಿ-2 ವರ್ಗದಲ್ಲಿ ಕಂಪನಿ ಹಾಕಿದ ಐ-140 ಅರ್ಜಿ ಒಪ್ಪಿಗೆಯಾಗಿದ್ದು 2020ರಲ್ಲಿ, ಪ್ರಯಾರಿಟಿ ಡೇಟ್ (ಸಾಲಿನಲ್ಲಿ ನನ್ನ ಜಾಗ ಹೇಳುವ ತಾರೀಖು) 2019 ಮಾರ್ಚ್. ನಮ್ಮವರ ಸಾಲು ಇನ್ನೂ 2013ರಲ್ಲೇ ನಿಂತಿದೆ, ಅದರ ಆಸೆ ಸದ್ಯಕ್ಕಿಲ್ಲ. ಹೆಂಡತಿ ಮತ್ತು ಹತ್ತು ವರ್ಷದ ಮಗಳು ಎಚ್-4ನಲ್ಲಿ (ಕುಟುಂಬದವರ ವೀಸಾ). ನಾಲ್ಕು ವರ್ಷದ ಮಗ ಇಲ್ಲೇ ಹುಟ್ಟಿದವನು.

ಈಗ ನಿಜವಾದ ಸಂಕಟ. ಅಪ್ಪನಿಗೆ ಎಪ್ಪತ್ತು. ಡಿಸೆಂಬರ್ 26ಕ್ಕೆ ಊರಿನಲ್ಲಿ ಭೀಮರಥ ಶಾಂತಿ ಇಟ್ಟುಕೊಂಡಿದ್ದೇವೆ. ನಾನೇ ಹಿರಿಯ ಮಗ. 17ಕ್ಕೆ ಡಲ್ಲಾಸಿನಿಂದ ನಾಲ್ಕು ಟಿಕೆಟ್ ಜುಲೈನಲ್ಲೇ ಮಾಡಿಸಿದ್ದೆ, 6,200 ಡಾಲರ್. ಹೊರಗೆ ಹೋದರೆ ವಾಪಸ್ ಬರಲು ಬೇಕಾದ ನನ್ನ ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ 2022ರಲ್ಲೇ ಮುಗಿದಿದೆ, ಹಾಗಾಗಿ 22ಕ್ಕೆ ಚೆನ್ನೈನಲ್ಲಿ ಸ್ಟ್ಯಾಂಪಿಂಗ್ ಅಪಾಯಿಂಟ್‌ಮೆಂಟ್ ಕೂಡ ತೆಗೆದುಕೊಂಡಿದ್ದೆ. ಅಪ್ಪ ಅಮ್ಮನಿಗೆ ಕೆಲಸ ಹೋದದ್ದು ಇನ್ನೂ ಹೇಳಿಲ್ಲ. ಮೊನ್ನೆ ಫೋನಿನಲ್ಲಿ ಅಪ್ಪ "ಪಂಚೆ ಅಲ್ಲಿಂದ ತರಬೇಡ, ಇಲ್ಲೇ ಹೊಸದು ತೆಗೆದಿದ್ದೀನಿ" ಎಂದರು. ನನಗೆ ಮಾತೇ ಹೊರಡಲಿಲ್ಲ.

ಸೆವೆರೆನ್ಸ್ ಬರುವವರೆಗೂ ನನ್ನನ್ನು ಕೆಲಸದಲ್ಲಿದ್ದೇನೆ ಅಂತ ಲೆಕ್ಕ ಹಿಡಿಯುತ್ತಾರಾ? ಕೆಲಸ ಹೋದ ಮೇಲೆ ಇಲ್ಲೇ ಉಳಿದು ಹೊಸ ಕೆಲಸ ಹುಡುಕಲು ಸಿಗುವ 60 ದಿನ 10ರಿಂದಲೋ 21ರಿಂದಲೋ? ಹತ್ತೇ ದಿನ ಊರಿಗೆ ಹೋಗಿ ಬಂದರೆ ಏನಾಗುತ್ತದೆ? ನಾನು ಉಳಿದು ಹೆಂಡತಿ ಮಕ್ಕಳನ್ನಾದರೂ ಕಳಿಸಬಹುದಾ? ಇದನ್ನು ದಾಟಿದವರು ದಯವಿಟ್ಟು ಹೇಳಿ.

ಬೇಲೂರು ಹುಡುಗ (ಸ್ಯಾನ್ ಹೋಸೆ), ನವೆಂಬರ್ 23

ಸರ್, ಮೊದಲು ಆನ್‌ಲೈನಿನಲ್ಲಿ ಐ-94 (ಎಲ್ಲಿಯವರೆಗೆ ಇಲ್ಲಿರಬಹುದು ಎನ್ನುವ ದಾಖಲೆ) ತೆಗೆದು ತಾರೀಖು ನೋಡಿ. 60 ದಿನ ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದೇ ಲೆಕ್ಕ. ನನ್ನ ಗೆಳೆಯನೊಬ್ಬನಿಗೆ ಪಾಸ್‌ಪೋರ್ಟ್ ಮುಗಿಯುವ ತಾರೀಖಿಗೇ ಐ-94 ಕೊಟ್ಟಿದ್ದರು. ಅವನು ನೋಡಿಕೊಂಡಿರಲೇ ಇಲ್ಲ. 60 ಅಂದುಕೊಂಡಿದ್ದು 23 ದಿನ ಆಯಿತು.

ಹಾಸನದ ಮಗಳು (ಎಡಿಸನ್, ನ್ಯೂಜೆರ್ಸಿ), ನವೆಂಬರ್ 24

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. 2023 ಜನವರಿಯಲ್ಲಿ ನಾನೂ ಇದೇ ಜಾಗದಲ್ಲಿದ್ದೆ. ನಮ್ಮ ಮನೆಯಲ್ಲಿ ಎಚ್-1ಬಿ ನನ್ನದು, ಗಂಡ ಎಚ್-4. ಕೊನೆಗೆ 57ನೇ ದಿನ ಹೊಸ ಕಂಪನಿಯ ಅರ್ಜಿ ಹೋಯಿತು. ನಾನು ವಕೀಲೆ ಅಲ್ಲ. ಒಂದು ಗಂಟೆಯ ದುಡ್ಡು ಕೊಟ್ಟು ನಿಮ್ಮದೇ ವಕೀಲರನ್ನು ಖಂಡಿತ ನೋಡಿ. ಕಂಪನಿಯ ವಕೀಲರು ಕಂಪನಿಗೆ ಮಾತ್ರ.

ಊರಿನ ವಿಷಯ ಮೊದಲು ಹೇಳುತ್ತೇನೆ, ಕಹಿ ಆದರೂ. ಹೋಗಬೇಡಿ. ದೇಶ ಬಿಟ್ಟ ದಿನವೇ ಈ 60 ದಿನ ಮುಗಿದ ಹಾಗೆ. ಕೆಲಸವೇ ಇಲ್ಲದೆ ಚೆನ್ನೈನಲ್ಲಿ ಯಾವ ಆಧಾರದ ಮೇಲೆ ಸ್ಟ್ಯಾಂಪ್ ಕೇಳುತ್ತೀರಿ? ಮೊದಲಾಗಿದ್ದರೆ, ಊರಿಗೆ ಹೋಗಿ, ಹೊಸ ಕಂಪನಿ ಅಲ್ಲಿಂದಲೇ ಕರೆಸಿಕೊಳ್ಳುತ್ತದೆ ಎನ್ನಬಹುದಿತ್ತು. ಒಮ್ಮೆ ಎಚ್-1ಬಿ ಲಾಟರಿಯಲ್ಲಿ ಆಯ್ಕೆಯಾಗಿ ಬಂದವರಿಗೆ ಮತ್ತೆ ಲಾಟರಿ ಇಲ್ಲ, ಅದು ಈಗಲೂ ನಿಜ. ಆದರೆ ಈ ಸೆಪ್ಟೆಂಬರ್ 21ರಿಂದ ನಿಮ್ಮ ಹಾಗೆ ಸ್ಟ್ಯಾಂಪ್ ಮುಗಿದವರು ಹೊರಗಿದ್ದಾಗ ಹೊಸ ಅರ್ಜಿ ಹಾಕಿದರೆ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು. ದೇಶದ ಒಳಗೇ ಇದ್ದು, ಸ್ಟೇಟಸ್ ಉಳಿಸಿಕೊಂಡು ಕಂಪನಿ ಬದಲಿಸಿದರೆ ಅದು ಬೇಡ. ನಿಮಗೆ ಆ ಹತ್ತು ದಿನದ ಬೆಲೆ ಇದು. ಹೊಸ ಕಂಪನಿ ಅರ್ಜಿ ಹಾಕಿದ ಮೇಲೂ ಒಪ್ಪಿಗೆ ಬರುವವರೆಗೆ ವಿಮಾನ ಹತ್ತಬೇಡಿ.

ಹೆಂಡತಿ ಮತ್ತು ಮಗಳದ್ದೂ ಹಾಗೇ. ಎಚ್-4 ನಿಂತಿರುವುದು ನಿಮ್ಮ ಎಚ್-1ಬಿ ಮೇಲೆ. ಅವರು ಹೋದರೆ ನೀವು ಒಂದು ದಾರಿ ಮಾಡಿಕೊಳ್ಳುವವರೆಗೂ ಅಲ್ಲೇ. ಮಗ ಯಾವಾಗ ಬೇಕಾದರೂ ಬರಬಹುದು, ಆದರೆ ನಾಲ್ಕು ವರ್ಷದ ಮಗುವನ್ನು ಒಂದನ್ನೇ ಕಳಿಸುವುದುಂಟಾ!

ಈಗ ದಿನದ ಲೆಕ್ಕ. ಕೊನೆಯ ಸಂಬಳದ ದಿನ 21 ಆದರೆ 22 ಮೊದಲನೇ ದಿನ. ಜನವರಿ 20ಕ್ಕೆ 60. ಸೆವೆರೆನ್ಸ್ ಸೇರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. 21 ಕೊನೆಯ ದಿನ ಅಂತ ಎಚ್‌ಆರ್‌ನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. 60 ಅಂದರೂ ಕೈಗೆ ಸಿಗುವುದು ನಲವತ್ತೇ ದಿನ. ಹೇಗೆ ಅಂದರೆ, ಅರ್ಜಿಗೆ ಮೊದಲು ಹೊಸ ಕಂಪನಿ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಒಪ್ಪಿಗೆ) ಪಡೆಯಬೇಕು. ಅದಕ್ಕೆ ಏಳು ಕೆಲಸದ ದಿನ. ಅರ್ಜಿ ಬೇಗ ನೋಡಲಿ ಅಂತ ಪ್ರೀಮಿಯಂ ದುಡ್ಡು ಕಟ್ಟಿದರೂ ಈ ಏಳು ದಿನ ಕಡಿಮೆ ಆಗುವುದಿಲ್ಲ. ಕಂಪನಿ ಚಿಕ್ಕದಾಗಿದ್ದು ಹಿಂದೆ ಯಾರಿಗೂ ಎಚ್-1ಬಿ ಮಾಡಿಸಿಲ್ಲದಿದ್ದರೆ ಅವರ ತೆರಿಗೆ ನಂಬರನ್ನು ಇಲಾಖೆ ಮೊದಲು ಪರೀಕ್ಷಿಸುತ್ತದೆ. ನನಗೆ ಅದರಲ್ಲೇ ಐದು ದಿನ ಹೋಯಿತು. ಆ ಐದು ದಿನ ನನ್ನ ಊಟ ಗಂಟಲಲ್ಲಿ ಇಳಿದಿಲ್ಲ. ನಿಮಗೆ ನಡುವೆ ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸವರ್ಷ. ಜನವರಿ 19 ಕೂಡ ರಜೆ, ಮಾರ್ಟಿನ್ ಲೂಥರ್ ಕಿಂಗ್ ದಿನ. ಆದ್ದರಿಂದ ಡಿಸೆಂಬರ್ 31ರೊಳಗೆ ಆಫರ್ ಕೈಲಿರಬೇಕು ಅಂತ ಗೋಡೆ ಮೇಲೆ ಬರೆದು ಹಾಕಿ. ಅರ್ಜಿ ತಲುಪಿದರೆ ಸಾಕು, ಒಪ್ಪಿಗೆಗೆ ಕಾಯದೆ ಕೆಲಸ ಶುರು ಮಾಡಬಹುದು.

45ನೇ ದಿನದ ಹೊತ್ತಿಗೂ ಏನೂ ಕಾಣದಿದ್ದರೆ ಬಿ-2ಕ್ಕೆ (ಪ್ರವಾಸಿ ವೀಸಾ) ಬದಲಿಸುವ ಅರ್ಜಿ ಹಾಕುವ ಬಗ್ಗೆ ವಕೀಲರನ್ನು ಕೇಳಿ. 60ರ ಒಳಗೆ ಹಾಕಿದರೆ ಅದು ತೀರ್ಮಾನ ಆಗುವವರೆಗೂ ಉಳಿಯಬಹುದು, ಕೆಲಸ ಮಾತ್ರ ಮಾಡುವಂತಿಲ್ಲ. ಆದರೆ ಅದನ್ನು ನಂಬಿ ಆರಾಮಾಗಿ ಕೂರಬೇಡಿ. ಆಮೇಲೆ ಬಂದ ಎಚ್-1ಬಿ ಅರ್ಜಿಗೆ ಒಳಗಿದ್ದೇ ಬದಲಾವಣೆ ಸಿಗದಿದ್ದರೆ, ಹೊರಗೆ ಹೋಗಿ ಬಾ ಎನ್ನುತ್ತಾರೆ. ಆಗ ಮತ್ತೆ ಆ 1 ಲಕ್ಷದ ಬಾಗಿಲು.

ನಿಮ್ಮ ಐ-140 ದೊಡ್ಡ ಬಲ. ಒಪ್ಪಿಗೆಯಾಗಿ 180 ದಿನ ದಾಟಿದೆ, ಹಳೇ ಕಂಪನಿ ವಾಪಸ್ ತೆಗೆದರೂ ಅದು ಸಾಯುವುದಿಲ್ಲ. 2019ರ ತಾರೀಖು ನಿಮ್ಮದೇ. ಎಚ್-1ಬಿಯ ಆರು ವರ್ಷದ ಮಿತಿ ಕಳೆದಿದ್ದರೂ ಹೊಸ ಕಂಪನಿ ಅದರ ಮೇಲೆ ಮೂರು ವರ್ಷ ಕೇಳಬಹುದು. ಐ-140 ನೋಟಿಸಿನ ಪ್ರತಿ ಇಲ್ಲದಿದ್ದರೆ ರಸೀದಿ ನಂಬರನ್ನಾದರೂ ಎಚ್‌ಆರ್‌ನಿಂದ ಇವತ್ತೇ ಕೇಳಿ. ಮ್ಯಾನೇಜರ್ ಒಳ್ಳೆಯವರಾದರೆ ಏನೇನು ಕೆಲಸ ಮಾಡಿದಿರಿ ಅಂತ ವಿವರವಾದ ಅನುಭವ ಪತ್ರ ಬರೆಸಿಕೊಳ್ಳಿ. ಮುಂದೆ ಗ್ರೀನ್ ಕಾರ್ಡ್ ಮತ್ತೆ ಶುರು ಮಾಡುವಾಗ ಬೇಕೇ ಬೇಕು.

ಕೊನೆಗೆ ಒಂದು ಮಾತು. ನಾನು ಅಮ್ಮನಿಗೆ ಹೇಳಲಿಲ್ಲ. ದಿನಾ ಬೆಳಿಗ್ಗೆ ವಿಡಿಯೋ ಕಾಲಿಗೆ ಆಫೀಸ್ ಬ್ಯಾಡ್ಜ್ ಕತ್ತಿಗೆ ಹಾಕಿಕೊಂಡು ಕೂರುತ್ತಿದ್ದೆ. ಐವತ್ತು ದಿನ ಹಾಗೆ ಮಾಡಿದೆ. ಆಮೇಲೆ ಗೊತ್ತಾದಾಗ ಅಮ್ಮ ಬೈಯಲಿಲ್ಲ, "ಒಬ್ಬಳೇ ಅತ್ತೆಯಾ?" ಅಂತ ಕೇಳಿದರು. ನಿಮ್ಮ ತಂದೆಯವರಿಗೆ ಈ ವಾರವೇ ಹೇಳಿಬಿಡಿ ಅಣ್ಣಾ.

ಶಿರಸಿಯವ (ಶಾರ್ಲೆಟ್), ನವೆಂಬರ್ 24

ಅಕ್ಕ ಎಲ್ಲಾ ಹೇಳಿದ್ದಾರೆ. ನಾನು ಒಂದೇ ಒಂದು ಎಚ್ಚರಿಕೆ ಕೊಡುತ್ತೇನೆ, ಯಾಕೆಂದರೆ ನಾನು ಸಿಕ್ಕಿಹಾಕಿಕೊಂಡಿದ್ದೆ. 40ನೇ ದಿನ ದಾಟಿದ ಮೇಲೆ ಕೆಲವು ಕನ್ಸಲ್ಟೆನ್ಸಿಗಳ ಫೋನ್ ಬರುತ್ತದೆ. "ನಮ್ಮ ಪೇರೋಲಿಗೆ ಬನ್ನಿ, ಫೀಸ್ ನೀವು ಕಟ್ಟಿ, ಪ್ರಾಜೆಕ್ಟ್ ಸಿಕ್ಕ ಮೇಲೆ ಸಂಬಳ." ಒಪ್ಪಬೇಡಿ. ಎಚ್-1ಬಿ ಅರ್ಜಿಯ ಫೀಸು, ವಕೀಲರ ಫೀಸು ಕಂಪನಿಯೇ ಕೊಡಬೇಕು. ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂರಿಸಿದರೂ ಸಂಬಳ ಕೊಡಲೇಬೇಕು. ನನಗೆ ನಾಲ್ಕು ತಿಂಗಳು ಪೇ ಸ್ಲಿಪ್ ಇರಲಿಲ್ಲ. ಮುಂದಿನ ಅರ್ಜಿಯಲ್ಲಿ ಅದೇ ಪ್ರಶ್ನೆಯಾಗಿ ಬಂತು, ಎರಡು ವರ್ಷ ಅದರ ಹಿಂದೆ ಓಡಾಡಿದೆ.

ಇನ್ನೊಂದು, ಕಂಪನಿಯೇ ತೆಗೆದರೆ ನೀವು ಊರಿಗೆ ವಾಪಸ್ ಹೋಗುವ ಖರ್ಚು ಅವರೇ ಕೊಡಬೇಕು. ನಿಮಗೆ ಮಾತ್ರ, ಕುಟುಂಬಕ್ಕಲ್ಲ. ಬೇಕಾಗದಿರಲಿ.

ತಿಪಟೂರಿನವ, ನವೆಂಬರ್ 25

ಎಲ್ಲರಿಗೂ ಕೈಮುಗಿದೆ. ಐ-94 ನೋಡಿದೆ, 2027 ಆಗಸ್ಟ್‌ವರೆಗೆ ಇದೆ. ಇನ್ನೊಂದು ಪ್ರಶ್ನೆ. ಇನ್ಶೂರೆನ್ಸ್ 30ಕ್ಕೆ ಮುಗಿಯುತ್ತದೆ. ಮಗಳಿಗೆ ಉಬ್ಬಸ ಇದೆ. ಕೋಬ್ರಾದಲ್ಲಿ, ಅಂದರೆ ಕಂಪನಿಯ ಆರೋಗ್ಯ ಇನ್ಶೂರೆನ್ಸನ್ನೇ ನಮ್ಮ ದುಡ್ಡಿನಲ್ಲಿ, ಮುಂದುವರಿಸಲು ನಾಲ್ವರಿಗೆ ತಿಂಗಳಿಗೆ 2,140 ಡಾಲರ್ ಎನ್ನುತ್ತಿದ್ದಾರೆ. ಬಾಡಿಗೆಗಿಂತ ಜಾಸ್ತಿ.

ಹಾಸನದ ಮಗಳು, ನವೆಂಬರ್ 25

30ರೊಳಗೆ ಇನ್ಹೇಲರ್ ರೀಫಿಲ್ ಮಾಡಿಸಿಬಿಡಿ, 90 ದಿನದ್ದು ಕೇಳಿ. ಕೋಬ್ರಾ ಬೇಕೋ ಬೇಡವೋ ಅಂತ ತೀರ್ಮಾನಿಸಲು 60 ದಿನ ಇರುತ್ತದೆ. ನಡುವೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಆಗ ಸೇರಿದರೂ ಹಿಂದಿನ ತಾರೀಖಿನಿಂದಲೇ ಹಿಡಿಯುತ್ತಾರೆ, ಬಾಕಿ ಕಂತು ಕಟ್ಟಬೇಕಷ್ಟೆ. ಹಾಗಾಗಿ ಮೊದಲ ದಿನವೇ ಕಟ್ಟಬೇಡಿ. ಅಷ್ಟರಲ್ಲಿ ಸರ್ಕಾರದ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸಿನಲ್ಲೂ ಬೆಲೆ ನೋಡಿ. ನಮ್ಮ ಹಾಗೆ ವೀಸಾದಲ್ಲಿ ಇರುವವರೂ ಅಲ್ಲಿ ತೆಗೆದುಕೊಳ್ಳಬಹುದು.

ಅಪ್ಪನಿಗೆ ಹೇಳಿದಿರಾ?

ತಿಪಟೂರಿನವ, 2026 ಜನವರಿ 14

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮುಂದೆ ಯಾರಾದರೂ ಇದನ್ನು ಹುಡುಕಿ ಬಂದರೆ ಉಪಯೋಗವಾಗಲಿ ಅಂತ ತಾರೀಖು ಸಮೇತ ಹಾಕುತ್ತೇನೆ. ಡಿಸೆಂಬರ್ 23ಕ್ಕೆ ಆಫರ್ ಬಂತು. 30ಕ್ಕೆ ಎಲ್‌ಸಿಎ ಹಾಕಿದರು, ಜನವರಿ 9ಕ್ಕೆ ಕೈಗೆ ಬಂತು. 12ಕ್ಕೆ ಅರ್ಜಿ ತಲುಪಿತು. ಅದು 52ನೇ ದಿನ. ಕೆಲಸ ನೆಬ್ರಾಸ್ಕಾದ ಓಮಾಹಾದಲ್ಲಿ. ಸಂಬಳ ವರ್ಷಕ್ಕೆ 14,000 ಡಾಲರ್ ಕಡಿಮೆ. ಅಕ್ಕ, ನೀವು 31 ಅಂತ ಬರೆದಿರದಿದ್ದರೆ ನಾನು ಈ ಆಫರನ್ನು ಬಿಟ್ಟು ಇನ್ನೊಂದು ಕಂಪನಿಯ ನಾಲ್ಕನೇ ಇಂಟರ್‌ವ್ಯೂಗೆ ಕಾಯುತ್ತಿದ್ದೆ. ಅದು ಜನವರಿ 8ಕ್ಕಿತ್ತು.

ಚೆನ್ನೈ ಅಪಾಯಿಂಟ್‌ಮೆಂಟನ್ನು ನಾನು ರದ್ದು ಮಾಡಬೇಕು ಅಂದುಕೊಂಡಿದ್ದಾಗಲೇ ಅವರೇ ಮಾರ್ಚ್‌ಗೆ ಮುಂದೂಡಿ ಮೇಲ್ ಕಳಿಸಿದರು. ಆ ತಿಂಗಳು ತುಂಬಾ ಜನರಿಗೆ ಹಾಗೇ ಆಗಿದೆ. ಕೆಲಸ ಇದ್ದು ಹೋಗಿದ್ದರೂ ಅಲ್ಲೇ ಕೂರಬೇಕಿತ್ತು.

ಅಪ್ಪನಿಗೆ ನವೆಂಬರ್ 26ರ ರಾತ್ರಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮನೆ ಬಾಡಿಗೆ ಎಷ್ಟು, ಕಾರಿನ ಸಾಲ ಎಷ್ಟು ಉಳಿದಿದೆ ಅಂತ ಕೇಳಿದರು. ಬರೆದುಕೊಳ್ಳುತ್ತಿರುವ ಸದ್ದು ಕೇಳಿಸಿತು. "ಕೊಬ್ಬರಿಗೆ ಈ ವರ್ಷ ರೇಟು ಚೆನ್ನಾಗಿದೆ, ಬೇಕಾದರೆ ಕಳಿಸ್ತೀನಿ" ಎಂದರು. ನನಗೆ ನಲವತ್ತೆರಡು ವರ್ಷ.

ಶಾಂತಿ 26ರ ಬೆಳಿಗ್ಗೆ ಒಂಬತ್ತಕ್ಕೆ. ನಮಗಿಲ್ಲಿ 25ರ ರಾತ್ರಿ ಒಂಬತ್ತೂವರೆ. ಮಕ್ಕಳಿಗೆ ರೇಷ್ಮೆ ಬಟ್ಟೆ ಹಾಕಿ ಟಿವಿ ಮುಂದೆ ಕೂರಿಸಿದೆವು. ತಮ್ಮನ ಮಗ ಕೊನೆವರೆಗೂ ಫೋನ್ ಹಿಡಿದು ನಿಂತಿದ್ದ. ಕಲಶದ ನೀರು ಹಾಕುವಾಗ ಅಪ್ಪ ಫೋನಿನ ಕಡೆಗೆ ತಿರುಗಿ ಕೂತರು. ನನಗೆ ತೆಗೆದಿದ್ದ ಪಂಚೆಯನ್ನು ತಮ್ಮ ಉಟ್ಟಿದ್ದ.

ಒಪ್ಪಿಗೆ ಇನ್ನೂ ಬಂದಿಲ್ಲ, ಪ್ರೀಮಿಯಂನಲ್ಲಿದೆ. ಹೆಂಡತಿ ಮತ್ತು ಮಗಳ ಎಚ್-4 ಅರ್ಜಿಯೂ ಜೊತೆಗೇ ಹೋಗಿದೆ. ಮಗಳ ಶಾಲೆ ಮೇ ತಿಂಗಳವರೆಗೆ ಇರುವುದರಿಂದ ಅವರು ಇಲ್ಲೇ ಇರುತ್ತಾರೆ. ಅಲ್ಲಿಯವರೆಗೆ ಓಮಾಹಾದಲ್ಲಿ ನಾನೊಬ್ಬನೇ. 19ಕ್ಕೆ ಕಾರಿನಲ್ಲಿ ಹೊರಡುತ್ತೇನೆ. ಅಲ್ಲಿ ಕನ್ನಡದವರು ಯಾರಾದರೂ ಇದ್ದರೆ ತಿಳಿಸಿ. ನಾಲ್ಕು ತಿಂಗಳಿಗೆ ಒಂದು ರೂಮ್ ಬೇಕು, ಅಡುಗೆ ಮಾಡಿಕೊಳ್ಳಲು ಬಿಡುವ ಮನೆಯಾದರೆ ಒಳ್ಳೆಯದು.