ಅತ್ತೆಯ ಮೌಸ್ ಮತ್ತು ನಮ್ಮ ಮನೆ ಗುಂಪು

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ನನ್ನ ಫೋನಿನಲ್ಲಿ ಯಾರ ಹೆಸರು ಹೇಗಿದೆಯೋ ಹಾಗೇ ಇಟ್ಟಿದ್ದೇನೆ.

ಹಾಸನ ಚಿಕ್ಕಪ್ಪ: ಫಾರ್ವರ್ಡ್ ಮಾಡಲಾಗಿದೆ. ಎಚ್ಚರಿಕೆ!! ನಿಮ್ಮ ವೈರ್‌ಲೆಸ್ ಮೌಸ್ ಇದ್ದಕ್ಕಿದ್ದಂತೆ ನಿಂತರೆ ಅದು ಕೆಟ್ಟಿಲ್ಲ, ಹ್ಯಾಕರ್ ಕೈಗೆ ಸಿಕ್ಕಿದೆ. ಕೂಡಲೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ. ಬ್ಯಾಂಕಿನ ದುಡ್ಡು ಉಳಿಸಿಕೊಳ್ಳಿ. ಎಲ್ಲರಿಗೂ ಕಳಿಸಿ.

ಮೈಸೂರು ಅತ್ತೆ: ಅಯ್ಯೋ, ನನ್ನ ಮೌಸ್ ನಿನ್ನೆ ಸಂಜೆಯಿಂದ ಹಾಗೇ ಆಗಿದೆ. ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ. ಈಗ ಪೂರ್ತಿ ನಿಂತಿದೆ. ಮಹಿಳಾ ಸಂಘದ ಲೆಕ್ಕ ಅರ್ಧಕ್ಕೇ ಉಳಿದಿದೆ.

ಹಾಸನ ಚಿಕ್ಕಪ್ಪ: ನೋಡಿದೆಯಾ ಅಕ್ಕ! ಸರಿಯಾದ ಹೊತ್ತಿಗೆ ಕಳಿಸಿದೆ. ಮುಂದಿನ ವಾರ ನಾನೇ ಬಂದು ಫಾರ್ಮ್ಯಾಟ್ ಮಾಡಿಕೊಡುತ್ತೇನೆ.

ಮೈಸೂರು ಅತ್ತೆ: ನೀನು ಬರುವುದು ಬೇಡ.

ನಾನು: ಅತ್ತೆ, ದಯವಿಟ್ಟು ಏನೂ ಫಾರ್ಮ್ಯಾಟ್ ಮಾಡಬೇಡಿ. ಮೊದಲು ಕೀಬೋರ್ಡಿನಲ್ಲಿ ಕಂಟ್ರೋಲ್ ಹಿಡಿದುಕೊಂಡು ಎಸ್ ಒತ್ತಿ. ಲೆಕ್ಕ ಸೇವ್ ಆಗುತ್ತದೆ. ಚಿಕ್ಕಪ್ಪ, ಇದನ್ನು ಬರೆದವರು ಯಾರು?

ಹಾಸನ ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಅಲ್ಲಿರುವವರೆಲ್ಲ ಓದಿದವರು. ಸುಮ್ನೆ ಯಾಕೆ ಕಳಿಸುತ್ತಾರೆ?

ನಾನು: ವಿಷಯದಲ್ಲಿ ಒಂದೆಳೆ ನಿಜ ಇದೆ. 2016ರಲ್ಲಿ ಹಲವು ಕಂಪನಿಗಳ ವೈರ್‌ಲೆಸ್ ಮೌಸ್‌ಗಳಲ್ಲಿ ಒಂದು ದೋಷ ಸಿಕ್ಕಿತ್ತು. ಅದಕ್ಕೆ ಮೌಸ್‌ಜಾಕ್ ಎಂದು ಹೆಸರಿಟ್ಟರು. ಸುಮಾರು 100 ಮೀಟರ್ ಒಳಗೆ ನಿಂತವರು ನಾವೇ ಕೀಲಿ ಒತ್ತಿದ ಹಾಗೆ ಕಂಪ್ಯೂಟರಿಗೆ ಸಂದೇಶ ಕಳಿಸಬಹುದಿತ್ತು. ಆದರೆ ಮೌಸ್ ನಿಂತಿತು ಅಂದರೆ ಹ್ಯಾಕ್ ಆಯಿತು ಎಂದು ಅದರಲ್ಲಿ ಎಲ್ಲೂ ಇಲ್ಲ.

ಹಾಸನ ಚಿಕ್ಕಪ್ಪ: ಅಂದರೆ ನಿಜ ಅಂತ ನೀನೇ ಒಪ್ಪಿಕೊಂಡೆ.

ಸಾಗರ ದೊಡ್ಡಪ್ಪ: ಮಗಳೇ, ಚಿಕ್ಕಪ್ಪ ಕಾಳಜಿಯಿಂದ ಕಳಿಸಿದ್ದಾನೆ. ದೊಡ್ಡವರನ್ನು ಎಲ್ಲರ ಎದುರು ಹಾಗೆ ಕೇಳಬಾರದು. ತಂತಿ ಇದ್ದ ಕಾಲದಲ್ಲಿ ಈ ಗೋಳೇ ಇರಲಿಲ್ಲ. ಇದ್ದದ್ದು ಸಾಲದು ಅಂತ ಹೊಸದರ ಹಿಂದೆ ಹೋದರೆ ಹೀಗೇ ಆಗುವುದು.

ನಾನು: ದೊಡ್ಡಪ್ಪ, ಬೇಜಾರು ಮಾಡಿಸಬೇಕು ಅಂತ ಕೇಳಿದ್ದಲ್ಲ. ಫಾರ್ಮ್ಯಾಟ್ ಮಾಡಿದರೆ ಇರುವುದೆಲ್ಲ ಹೋಗುತ್ತದೆ. ಅದಕ್ಕೇ ಕೇಳಿದೆ. ಅತ್ತೆ, ಮೌಸ್ ಮಗುಚಿ ನೋಡಿ. ಸ್ವಿಚ್ ಆನ್ ಇದೆಯಾ?

ಮೈಸೂರು ಅತ್ತೆ: ಇದೆ. ಆದರೆ ಕೆಂಪು ದೀಪ ಕಾಣುತ್ತಿಲ್ಲ.

ನಾನು: ಕೆಲವು ಮೌಸ್‌ಗಳ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದನ್ನು ನೋಡಿ ಹೆದರಬೇಡಿ. ಸೆಲ್ ಬದಲಿಸಿ ನೋಡಿ. ಗೋಡೆ ಗಡಿಯಾರದ ಸೆಲ್ ಹಿಡಿಯಬಹುದು. ರಿಮೋಟಿನದು ಸಣ್ಣದು.

ಬೆಂಗಳೂರು ಅಣ್ಣ: ಮೌಸ್ ಮಗುಚುವುದು ಅಂದ ಕೂಡಲೇ ನಮ್ಮ ಸ್ಕೂಲಿನ ಕಂಪ್ಯೂಟರ್ ಲ್ಯಾಬ್ ನೆನಪಾಯಿತು! ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಮೌಸ್ ಹೊಟ್ಟೆಯ ಮುಚ್ಚಳ ತಿರುಗಿಸಿದರೆ ರಬ್ಬರ್ ಗುಂಡು ಕೈಗೆ ಬೀಳುತ್ತಿತ್ತು. ಒಳಗಿನ ಸಣ್ಣ ಉರುಳೆಗಳಿಗೆ ಕೊಳೆ ಪಟ್ಟಿ ಪಟ್ಟಿಯಾಗಿ ಮೆತ್ತಿರುತ್ತಿತ್ತು. ಉಗುರಿನಿಂದ ಕೆರೆದು ತೆಗೆದರೆ ಮತ್ತೆ ಬೆಣ್ಣೆಯ ಹಾಗೆ ಓಡುತ್ತಿತ್ತು. ನಮ್ಮ ಕ್ಲಾಸಿನವರು ಆ ಗುಂಡು ಕದ್ದು ಗೋಲಿ ಆಡಿದ್ದೂ ಇದೆ.

ಸಾಗರ ದೊಡ್ಡಪ್ಪ: ಆ ಗುಂಡಿನ ದುಡ್ಡು ಕಟ್ಟಿದವನು ನಾನು.

ಬೆಂಗಳೂರು ಅಣ್ಣ: ಅಪ್ಪ, ಅದು ನಾನಲ್ಲ. ಇವತ್ತಿಗೂ ನೀವು ನಂಬುವುದಿಲ್ಲ ಅಲ್ವಾ?

ಮೈಸೂರು ಅತ್ತೆ: ಗಡಿಯಾರದ ಸೆಲ್ ಹಾಕಿದೆ. ಏನೂ ಆಗಲಿಲ್ಲ.

ಹಾಸನ ಚಿಕ್ಕಪ್ಪ: ಅಕ್ಕ, ಇನ್ನೂ ತಡ ಮಾಡಬೇಡ. ನನ್ನ ಮಾತು ಕೇಳು. ಫಾರ್ಮ್ಯಾಟೇ ದಾರಿ.

ಮೈಸೂರು ಅತ್ತೆ: ನಿನ್ನ ಮಾತು ಒಂದು ಸಲ ಕೇಳಿದ್ದೇನೆ. ಅಮ್ಮನ ಸಹಸ್ರಚಂದ್ರ ದರ್ಶನದ ಫೋಟೊ ಒಂದೂ ಉಳಿಯಲಿಲ್ಲ. ವೈರಸ್ ಬಂದಿದೆ ಅಂತ ಹೇಳಿ ಅರ್ಧ ಗಂಟೆಯಲ್ಲಿ ಎಲ್ಲ ಅಳಿಸಿದೆ. ಅಮ್ಮ ಹಸಿರು ಸೀರೆ ಉಟ್ಟು ನಗುತ್ತಾ ಕೂತ ಫೋಟೊ ಅದೊಂದೇ ಇತ್ತು.

ಹಾಸನ ಚಿಕ್ಕಪ್ಪ: ಬ್ಯಾಕಪ್ ಇದೆಯಾ ಅಂತ ಕೇಳಿದ್ದೆ. ಹೂಂ ಅಂದೆ.

ಮೈಸೂರು ಅತ್ತೆ: ಬ್ಯಾಕಪ್ ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಸಾಗರ ದೊಡ್ಡಪ್ಪ: ಇಬ್ಬರೂ ಸಾಕು ಮಾಡಿ. ಮಕ್ಕಳು ಓದುತ್ತಿದ್ದಾರೆ.

ಸುಮಾರು ಹತ್ತು ನಿಮಿಷ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಆ ಫೋಟೊ ತೆಗೆದವಳು ನಾನು. ನನ್ನ ಹಳೇ ಫೋನಿನಲ್ಲೂ ಅದು ಉಳಿದಿಲ್ಲ. ಏನು ಹೇಳಬೇಕೋ ತಿಳಿಯದೆ ಮತ್ತೆ ಮೌಸ್ ವಿಷಯಕ್ಕೇ ಬಂದೆ.

ನಾನು: ಅತ್ತೆ, ಮೌಸಿನ ಜೊತೆ ಬಂದ ಬೆರಳುಗುರಿನಷ್ಟು ರಿಸೀವರ್ ಎಲ್ಲಿ ಚುಚ್ಚಿದ್ದೀರಿ?

ಮೈಸೂರು ಅತ್ತೆ: ಸಿಪಿಯು ಹಿಂದೆ. ಹಾರ್ಡ್ ಡಿಸ್ಕಿನ ವೈರ್ ಪಕ್ಕದಲ್ಲೇ. ಡಿಸ್ಕನ್ನು ನಿನ್ನೆ ಸಂಜೆ ಚುಚ್ಚಿದ್ದು, ಫೋಟೊ ಕಾಪಿ ಆಗುತ್ತಾ ಇದೆ.

ನಾನು: ಆ ವೈರ್ ಹೋಗುವ ತೂತಿನ ಒಳಗೆ ನೀಲಿ ಬಣ್ಣ ಇದೆಯಾ?

ಮೈಸೂರು ಅತ್ತೆ: ಹೌದು, ನೀಲಿ.

ನಾನು: ಹಾಗಾದರೆ ಅದೇ ಇರಬೇಕು. ಅದು ಯುಎಸ್‌ಬಿ 3.0. ಅದರಲ್ಲಿ ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಏಳುತ್ತದೆ. ಮೌಸ್ ಮಾತಾಡುವುದೂ ಅಲ್ಲೇ. ಸಂತೆಯಲ್ಲಿ ಪಿಸುಗುಟ್ಟಿದ ಹಾಗೆ, ರಿಸೀವರಿಗೆ ಕೇಳಿಸುವುದಿಲ್ಲ. ಚಿಕ್ಕಪ್ಪ, ನೀವು ಕೇಳುವ ಮೊದಲೇ ಹೇಳುತ್ತೇನೆ, ಇದನ್ನು ಇಂಟೆಲ್ ಕಂಪನಿ 2012ರಲ್ಲಿ ಅಳೆದು ಬರೆದಿದೆ. ಅತ್ತೆ, ಡಿಸ್ಕ್ ಕೀಳಬೇಡಿ. ರಿಸೀವರ್ ಮಾತ್ರ ತೆಗೆದು ಮುಂದಿನ ಕಡೆ ಹಾಕಿ.

ಬೆಂಗಳೂರು ಅಣ್ಣ: ಗುಂಡಿನ ಮೌಸಿಗೆ ಇದ್ಯಾವುದೂ ಬೇಕಿರಲಿಲ್ಲ.

ಮೈಸೂರು ಅತ್ತೆ: ಓಡುತ್ತಿದೆ! ಚೆನ್ನಾಗಿ ಓಡುತ್ತಿದೆ ಪುಟ್ಟಿ. ಲೆಕ್ಕವೂ ಹಾಗೇ ಇದೆ.

ಸಾಗರ ದೊಡ್ಡಪ್ಪ: ಒಳ್ಳೆಯದಾಯಿತು. ಗಡಿಯಾರಕ್ಕೆ ಸೆಲ್ ವಾಪಸ್ ಹಾಕಮ್ಮ.

ಹಾಸನ ಚಿಕ್ಕಪ್ಪ: ಅಂದರೆ ಎಲ್ಲ ಆ ಹಾರ್ಡ್ ಡಿಸ್ಕಿನಿಂದಲೇ ಆಗಿದ್ದು. ಯಾವಾಗ ತಗೊಂಡೆ ಅಕ್ಕ ಅದನ್ನು?

ಮೈಸೂರು ಅತ್ತೆ: ನೀನು ಫಾರ್ಮ್ಯಾಟ್ ಮಾಡಿ ಹೋದ ಮಾರನೇ ವಾರ.