ಪದ ಬೇಕು: ‘ಜಾಗತಿಕ ಪೌರತ್ವ’ ಸರಿಯಾ?

ಗೆಳೆಯರೇ, ನಾಳೆ ಬೆಳಗ್ಗೆ ಅಚ್ಚಿಗೆ ಹೋಗುತ್ತದೆ, ಸ್ವಲ್ಪ ಬೇಗ ಹೇಳಿ. ವಿಶ್ವವಿದ್ಯಾಲಯದ ಕೋರ್ಸೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗ್ಲೋಬಲ್ ಸಿಟಿಜನ್‌ಶಿಪ್ ಅನ್ನೋದಕ್ಕೆ ಏನು ಹಾಕಲಿ? ಬರೀ ಓದಿ ಪರೀಕ್ಷೆ ಬರೆಯುವ ಕೋರ್ಸ್ ಅಲ್ಲ ಇದು. ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಒಂದೇ ಗುಂಪಿನಲ್ಲಿ, ಆನ್‌ಲೈನಿನಲ್ಲೋ ಎದುರುಬದುರು ಕೂತೋ, ಒಂದು ಕೆಲಸ ಮಾಡಿ ಮುಗಿಸಬೇಕು. ಆಮೇಲೆ ಒಬ್ಬರನ್ನೊಬ್ಬರು ಎಲ್ಲಿ ತಪ್ಪು ತಿಳಿದರು, ಯಾಕೆ ಅಂತ ಬರೆಯಬೇಕು. ‘ಜಾಗತಿಕ ಪೌರತ್ವ’ ಅಂತ ಹಾಕಿದ್ದೆ. ಕರಡು ಓದಿದವರೊಬ್ಬರು ‘ಬೇರೆ ದೇಶದ ಪೌರತ್ವ ಪಡೆಯೋದು ಹೇಗೆ ಅಂತ ಹೇಳಿಕೊಡುತ್ತಾರಾ?’ ಎಂದು ಕೇಳಿದರು. ಇಂಟರ್‌ಕಲ್ಚರಲ್‌ಗೂ ಒಂದು ಪದ ಬೇಕು.

ಮರು:
‘ಜಗದೊಕ್ಕಲು’. ಪೌರ ಬಂದದ್ದು ಪುರದಿಂದ, ನಾಗರಿಕ ನಗರದಿಂದ. ಎರಡೂ ಪೇಟೆಯವನ ಹೆಸರು, ಹಳ್ಳಿಯವನು ಇವುಗಳ ಹೊರಗೇ ಉಳಿದ. ಒಕ್ಕಲು ನಮ್ಮದೇ ಪದ. ಇಂಟರ್‌ಕಲ್ಚರಲ್‌ಗೆ ‘ನಡೆನುಡಿಯ ಕೊಡುಕೊಳ್ಳುವಿಕೆ’ ಸಾಕು. ಸಂಸ್ಕೃತದ ಎರವಲು ನಿಲ್ಲಿಸೋಣ.

ಮರು:
ಜಗದೊಕ್ಕಲು ಆಗಲ್ಲ ಸಾರ್. ಒಕ್ಕಲು ಅಂದ ಕೂಡಲೇ ಹಿಂದೆ ಒಬ್ಬ ಒಡೆಯ ನಿಂತಿರುತ್ತಾನೆ. ಇಲ್ಲಿ ಬೇಕಾದ್ದು ಹಕ್ಕೂ ಹೊಣೆಯೂ ಇರುವವನ ಹೆಸರು. ಬೇರು ಊರಿನದಾದರೆ ತಪ್ಪೇನು? ಗ್ರೀಕಿನ ‘ಕಾಸ್ಮೊಪೊಲಿಟೀಸ್’ನಲ್ಲೂ ನಗರವೇ ಇದೆ, ಆದರೂ ಅದರ ಅರ್ಥ ಜಗತ್ತಿನ ಪ್ರಜೆ. ಪದ ಎಲ್ಲಿ ಹುಟ್ಟಿತು ಅನ್ನೋದಕ್ಕಿಂತ ಇವತ್ತು ಏನು ಹೇಳುತ್ತದೆ ಅನ್ನೋದು ಮುಖ್ಯ.

‘ನಾಗರಿಕತೆ’ಯಂತೂ ಬೇಡವೇ ಬೇಡ, ಓದುವವರ ಮನಸ್ಸು ನೇರ ಸಿಂಧೂ ಕಣಿವೆಗೆ ಹೋಗುತ್ತದೆ. ಇನ್ನು ‘ವಿಶ್ವಮಾನವ’. ಕುವೆಂಪು ಹೇಳಿದ್ದು ಮಗು ಹುಟ್ಟುವಾಗಲೇ ವಿಶ್ವಮಾನವ, ಜಾತಿ ಮತಗಳ ಕಟ್ಟು ಆಮೇಲೆ ಬೀಳುತ್ತದೆ ಅಂತ. ಅದು ದೊಡ್ಡ ದರ್ಶನ, ಒಂದು ಕೋರ್ಸಿನ ಶೀರ್ಷಿಕೆಗೆ ಇಳಿಸಬೇಡಿ. ಈ ಕೋರ್ಸ್ ಕಲಿಸುವುದು ಸಣ್ಣ ಸಣ್ಣ ಅಭ್ಯಾಸಗಳನ್ನು: ಗುಂಪಿನಲ್ಲಿ ಒಬ್ಬರು ಸುಮ್ನೆ ಕೂತರೆ ಅದು ಒಪ್ಪಿಗೆಯಾ, ಮುನಿಸಾ, ಮರ್ಯಾದೆಯಾ ಅಂತ ಊಹೆ ಮಾಡದೆ ಕೇಳುವುದು, ಕೇಳಿ ತಿಳಿದ ಮೇಲೆ ಕೆಲಸದ ರೀತಿ ಬದಲಿಸಿಕೊಳ್ಳುವುದು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7ನೆಯ ಉಪಗುರಿಯೂ ಗ್ಲೋಬಲ್ ಸಿಟಿಜನ್‌ಶಿಪ್ಪನ್ನು ಶಿಕ್ಷಣದ ಭಾಗ ಮಾಡಿ, ತಿಳಿವಳಿಕೆ ಮತ್ತು ಕೌಶಲದ ಮಾತಾಡುತ್ತದೆ.

ಹಾಗಾಗಿ ‘ಜಾಗತಿಕ ಪೌರಪ್ರಜ್ಞೆ’ ಹಾಕಿ. ಪೌರತ್ವ ಸರ್ಕಾರ ಕೊಡುವಂಥದ್ದು, ಪೌರಪ್ರಜ್ಞೆ ನಾವೇ ಬೆಳೆಸಿಕೊಳ್ಳುವಂಥದ್ದು. ಇಂಟರ್‌ಕಲ್ಚರಲ್‌ಗೆ ‘ಅಂತರ್’ ಹಚ್ಚಲು ಹೋಗಬೇಡಿ, ಸಂಧಿ ಮಾಡಿದರೆ ‘ಅಂತಃಸಂಸ್ಕೃತಿ’ ಆಗಿ ಒಳಗಿನ ಸಂಸ್ಕೃತಿ ಅಂತ ಕೇಳಿಸುತ್ತದೆ. ‘ಬಹುಸಂಸ್ಕೃತಿ’ಯೂ ಬೇಡ, ಅಕ್ಕಪಕ್ಕ ಇದ್ದೂ ಮಾತೇ ಆಡದವರಿಗೂ ಅದು ಒಪ್ಪುತ್ತದೆ. ‘ಸಂಸ್ಕೃತಿಗಳ ಒಡನಾಟ’ ಅನ್ನಿ, ಒಡನಾಟ ಅಂದರೆ ಬೆರೆಯಲೇಬೇಕು ಅಲ್ವಾ.

ಮರು:
ಒಡನಾಟ ಒಪ್ಪಿದೆ. ‘ಪ್ರಜ್ಞೆ’ ಯಾಕೆ, ‘ಅರಿವು’ ಸತ್ತುಹೋಯಿತಾ? ಪ್ರತಿ ಸಲ ಹೀಗೇ ಎರವಲು ತಂದು, ಇದ್ದ ಪದವನ್ನು ಮೂಲೆಗೆ ತಳ್ಳುತ್ತೇವೆ.

ಮರು:
ಅರಿವು ತಿಳಿದರೆ ಬಂತು. ಪೌರಪ್ರಜ್ಞೆ ನಡತೆಯಲ್ಲಿ ಕಾಣಬೇಕು, ಜನ ಆ ಅರ್ಥದಲ್ಲೇ ಅದನ್ನು ಬಳಸುತ್ತಿದ್ದಾರೆ. ಬಳಕೆಯಲ್ಲಿ ನೆಲೆಯಾದ ಪದವನ್ನು ಎರವಲು ಅಂತ ಕೀಳೋದು ನನಗೆ ಒಪ್ಪಿಗೆಯಿಲ್ಲ.

ಮರು:
ಇಬ್ಬರಿಗೂ ಥ್ಯಾಂಕ್ಸ್. ಶೀರ್ಷಿಕೆಗೆ ‘ಜಾಗತಿಕ ಪೌರಪ್ರಜ್ಞೆ’, ಒಳಗೆ ‘ಸಂಸ್ಕೃತಿಗಳ ಒಡನಾಟ’ ಹಾಕುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಬರೆಯುವ ರಿಫ್ಲೆಕ್ಷನ್‌ಗೆ ‘ಆತ್ಮಾವಲೋಕನ’ ಭಾರ ಜಾಸ್ತಿ ಆಯಿತು. ‘ಹಿನ್ನೋಟ’ ಸಾಕಾ?